ಓದುಗರ ಸ್ಪಂದನ: ನೂರರವರೆಗೆ ಹೇಳ್ತಾಳೆ, ಏಳು ಬೀಜ ಕೊಡೋಕೆ ಬರಲ್ಲ

ಕಳೆದ ಸಂಚಿಕೆಯಲ್ಲಿ ಶಿರಾದ ತಾಯಿಯೊಬ್ಬರು ಬರೆದಿದ್ದರು: ಯುಕೆಜಿ ಓದುವ ಮಗಳು ಒಂದರಿಂದ ನೂರು ಪಟಪಟ ಹೇಳುತ್ತಾಳೆ. ‘ಏಳು ಹುಣಸೆ ಬೀಜ ಕೊಡು’ ಅಂದರೆ ಕೈಗೆ ಸಿಕ್ಕಷ್ಟು ಕೊಡುತ್ತಾಳೆ. ಶಾಲೆಯಲ್ಲಿ ದಿನಾ ನೂರರವರೆಗೆ ಬರೆಸಿ ಅಂತಾರೆ. ಏನು ಮಾಡಲಿ? ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಅಮ್ಮಾ, ಗಾಬರಿ ಬೇಡ. ಅವಳ ಬಾಯಿ ಬೆರಳಿಗಿಂತ ಮುಂದೆ ಓಡುತ್ತಿದೆ, ಅಷ್ಟೇ. ಒಂದು ತಟ್ಟೆಯಿಂದ ಇನ್ನೊಂದಕ್ಕೆ ಒಂದೊಂದೇ ಬೀಜ ಹಾಕುತ್ತಾ ಎಣಿಸಲಿ. ಐದಾದ ಮೇಲೆ ‘ಒಟ್ಟು ಎಷ್ಟು?’ ಅಂತ ಕೇಳಿ. ಮತ್ತೆ ಮೊದಲಿಂದ ಎಣಿಸಿದರೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅನ್ನೋದು ಅವಳಿಗಿನ್ನೂ ಹೊಳೆದಿಲ್ಲ. ಬೈಯಬೇಡಿ. ನೀವೇ ಎಣಿಸಿ, ‘ಐದು ಬೀಜ ಇವೆ’ ಅಂತ ಹೇಳಿ ತೋರಿಸಿ. ಅವೇ ಬೀಜಗಳನ್ನು ದೂರ ದೂರ ಹರಡಿ ‘ಈಗ ಜಾಸ್ತಿ ಆಯ್ತಾ?’ ಅಂತಲೂ ಕೇಳಿ. ಐದು ಗಟ್ಟಿಯಾಗುವವರೆಗೆ ಏಳಕ್ಕೆ ಹೋಗಬೇಡಿ.
– ನಿವೃತ್ತ ಶಿಕ್ಷಕಿ, ಗುಬ್ಬಿ

ಯುಕೆಜಿ ಮಗುವಿಗೆ ನೂರರವರೆಗೆ ಯಾಕೆ ಬರೆಸ್ತೀರಿ? ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಯೋಜನೆಯೇ ಓದು, ಬರಹ, ಲೆಕ್ಕದ ಬುನಾದಿಗೆ ಮೂರನೇ ತರಗತಿ ಮುಗಿಯುವವರೆಗೆ ಕಾಲ ಕೊಟ್ಟಿದೆ. ನಿಮಗೇನು ಅವಸರ?
– ಓದುಗ, ಪಾವಗಡ

(ಮಾತು ಖಾರವಾಗಿದೆ, ಆದರೂ ಪ್ರಕಟಿಸಿದ್ದೇವೆ. ಮುಂದಿನ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ. – ಸಂ.)

ಅಕ್ಕಾ, ನಿಮ್ಮ ಪತ್ರ ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ನಾನೂ ನೂರರವರೆಗೆ ಪಟಪಟ ಹೇಳುತ್ತಿದ್ದ ಹುಡುಗಿಯೇ. ಒಂದು ದಿನ ಬೋರ್ಡ್ ಮುಂದೆ ನಿಲ್ಲಿಸಿ ಇಪ್ಪತ್ಮೂರು ಬರಿ ಅಂದರು, 203 ಅಂತ ಬರೆದೆ. ಕಿವಿಗೆ ಕೇಳಿದ್ದೇ ಹಾಗಲ್ವಾ, ಮೊದಲು ಇಪ್ಪತ್ತು, ಆಮೇಲೆ ಮೂರು. ಮೇಷ್ಟ್ರು ಕಿವಿ ಹಿಂಡಿದರು, ಇಡೀ ಕ್ಲಾಸ್ ನಕ್ಕಿತು, ಆದರೆ ಯಾಕೆ ತಪ್ಪು ಅಂತ ಯಾರೂ ಹೇಳಲಿಲ್ಲ. ಸಂತೆಯಲ್ಲಿ ಅಪ್ಪನ ಪಕ್ಕ ಕೂತು ಸೊಪ್ಪಿನ ಕಟ್ಟು ಮಾರುವಾಗ ಇದೇ ನಾನು ಚಿಲ್ಲರೆ ಸರಿಯಾಗಿ ಕೊಡುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯ್ತು, ಓದೂ ಅಲ್ಲಿಗೇ ನಿಂತಿತು. ಆ ಸಿಟ್ಟು ಇನ್ನೂ ಆರಿಲ್ಲ.

ನನ್ನ ಮಗನೂ 203 ಬರೆದ ದಿನ ಪೊರಕೆಕಡ್ಡಿ ಮುರಿದು, ಹತ್ತತ್ತು ಎಣಿಸಿ, ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸಿದೆ. ಎರಡು ಕಟ್ಟು, ಮೂರು ಬಿಡಿಕಡ್ಡಿ. ಕಟ್ಟು ಎಷ್ಟಿವೆ ಅಂತ ಎಡಕ್ಕೆ, ಬಿಡಿ ಎಷ್ಟಿವೆ ಅಂತ ಬಲಕ್ಕೆ ಬರೆಸಿದೆ. ಆಮೇಲೊಮ್ಮೆ ಮೂವತ್ತೊಂದರಲ್ಲಿ ನಾಲ್ಕು ತೆಗಿ ಅಂದಾಗ ಅವನೇ ಒಂದು ಕಟ್ಟು ಬಿಚ್ಚಿದ. ಪಕ್ಕದ ಮನೆಯಿಂದ ಸಾಲ ತಗೋ ಅಂತ ಮೇಷ್ಟ್ರು ಹೇಳುತ್ತಿದ್ದದ್ದು ಇಷ್ಟೇನಾ ಅಂತ ನನಗೆ ಅಳುವೇ ಬಂತು. ನಿಮ್ಮ ಮಗಳಿಗೆ ಇದು ಈಗಲೇ ಬೇಡ. ಕಡ್ಡಿ ಮಾತ್ರ ಎತ್ತಿಟ್ಟಿರಿ.
– ಓದುಗಿ, ಚಿಂತಾಮಣಿ

(ಬೀಜ, ಕಡ್ಡಿಯ ದಾರಿಯನ್ನೇ ಹೆಚ್ಚಿನವರು ಹೇಳಿದ್ದಾರೆ. ಬೀಜ ಮೂಗು, ಬಾಯಿಗೆ ಹೋಗದಂತೆ ದೊಡ್ಡವರು ಪಕ್ಕದಲ್ಲೇ ಇರಲಿ. – ಸಂ.)

ನೀವು ಮೊಬೈಲ್ ವಿಚಾರ ಬರೆದಿಲ್ಲ, ಆದರೂ ಹೇಳ್ತೀನಿ ತಾಯಿ, ಅದನ್ನು ಎತ್ತಿಟ್ಟು ಚೌಕಾಬಾರ ಹಾಕಿ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನೇ ಒಂದು ಕಡೆ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ. ನನ್ನ ಮೊಮ್ಮಗಳು ಕಾಯಿ ನಿಂತ ಮನೆಯನ್ನೇ ಒಂದು ಅಂತ ಎಣಿಸುತ್ತಿದ್ದಳು. ಮುಂದಿನ ಮನೆಗೆ ಕಾಯಿ ಇಟ್ಟ ಮೇಲೇ ‘ಒಂದು’ ಅನ್ನಬೇಕು ಅಂತ ನಿಯಮ ಮಾಡಿದೆವು. ಈಗ ನಾನು ತಪ್ಪಿ ನಡೆಸಿದರೆ ಅವಳೇ ಹಿಡೀತಾಳೆ.
– ಹಿರಿಯ ಓದುಗ, ಬಂಗಾರಪೇಟೆ

ಸುಮ್ನೆ ಶಾಲೆಯನ್ನು ದೂರಬೇಡಿ. ನೋಟ್‌ಬುಕ್ ತುಂಬಿಲ್ಲ ಅಂದರೆ ನಮ್ಮ ಹತ್ತಿರ ಜಗಳಕ್ಕೆ ಬರೋದು ಪೋಷಕರೇ. ಬೀಜ, ಕಡ್ಡಿ ಕ್ಲಾಸಲ್ಲಿ ಆಡಿಸೋಕೆ ನಮಗೂ ಆಸೆ ಇದೆ.
– ಎಲ್‌ಕೆಜಿ ಶಿಕ್ಷಕಿ, ಮಾಲೂರು

(ಶಿರಾದ ತಾಯಿ ಈ ಪುಟ ತೋರಿಸಿ ಮಗಳ ಟೀಚರ್ ಜೊತೆ ಒಮ್ಮೆ ಮಾತಾಡಲಿ ಅನ್ನೋದು ನಮ್ಮ ಕೋರಿಕೆ. – ಸಂ.)