ಸಮಸ್ಯೆ: ಏಳು ಮುಟ್ಟಿದೊಡಾರು ಮಂದಿಯೂ ಒಬ್ಬನೇ

ಈ ಸಲದ ಸಾಲು ಮೇಲಿದೆ ನೋಡಿ. ಐದು ಮಾತ್ರೆಯ ನಾಲ್ಕು ಗಣ, ಇದು ಕೊನೇ ಪಾದವಾಗ್ಬೇಕು, ಮೊದಲ ಮೂರು ಪಾದ ನೀವು ಬರೆದು ಪದ್ಯ ಪೂರ್ತಿ ಮಾಡ್ಬೇಕು (ಅದೇ ಪೂರಣ), ಗಜಪ್ರಾಸ, ಅಂದ್ರೆ ಪ್ರತಿ ಪಾದದ ಮೊದಲ ಅಕ್ಷರ ದೀರ್ಘ, ಎರಡನೇ ಅಕ್ಷರ ಳಕಾರ. ವಸ್ತು 142857 ಅನ್ನೋ ಸಂಖ್ಯೆ, 1ನ್ನ 7ರಿಂದ ಭಾಗಿಸಿದ್ರೆ ದಶಮಾಂಶದಲ್ಲಿ ಮತ್ತೆ ಮತ್ತೆ ಬರೋ ಆರಂಕೆ, ಬೇರೆ ಕಡೆ ಎಳ್ಕೊಂಡು ಹೋಗ್ಬೇಡಿ ದಯವಿಟ್ಟು.

*

ನನ್ನ ಪೂರಣ ಸರ್:

ಕೇಳು, ಒಂದನ್ನೇಳು ಪಾಲಾಗಿ ಹಂಚಿದೊಡೆ
ಮೇಳಗಟ್ಟುತಲಾರು ಅಂಕೆಗಳು ಬಂದುವೈ
ತಾಳ ತಪ್ಪದೆ ಗುಣಿಸೆ ಸುತ್ತು ಸುತ್ತಾಡಿದವು
ಏಳು ಮುಟ್ಟಿದೊಡಾರು ಮಂದಿಯೂ ಒಬ್ಬನೇ

ಎರಡರಿಂದ ಗುಣಿಸಿದ್ರೆ 285714, ಮೂರರಿಂದ 428571, ಹೀಗೇ ಆರರ ತನಕ ಅದೇ ಅಂಕೆಗಳು ಅದೇ ಕ್ರಮದಲ್ಲಿ ಜಾಗ ಬದಲಾಯಿಸ್ಕೊಂಡು ಬರ್ತಾವೆ, ಏಳರಿಂದ ಗುಣಿಸಿದ ತಕ್ಷಣ 999999, ಆರೂ ಜನ ಒಂಬತ್ತೇ!

*

ಅಕ್ಕ, ಮೂರನೇ ಪಾದ ತುಂಬಾ ಹಿಡಿಸ್ತು, ಓದಿದ್ರೆ ಕಿವಿಗೇ ಸುತ್ತು ಕೇಳ್ಸತ್ತೆ. ಆದ್ರೆ ಯಾಕೆ ಸುತ್ತತ್ತೆ ಅನ್ನೋದು ಪದ್ಯದಲ್ಲಿ ಬಂದಿಲ್ಲ, ನನಗೆ ಈ ಸಂಖ್ಯೆಯ ನಿಜವಾದ ಚೆಲುವು ಇರೋದೇ ಅಲ್ಲಿ. 1ನ್ನ 7ರಿಂದ ಭಾಗಿಸ್ತಾ ಹೋಗಿ, ಶೇಷಗಳು 1, 3, 2, 6, 4, 5 ಅಂತ ಬಂದು ಮತ್ತೆ 1ಕ್ಕೇ ಸೇರ್ತವೆ, ಅಂದ್ರೆ ಬರಬಹುದಾದ ಆರೂ ಶೇಷ ಒಂದೂ ಬಿಡದೆ ಬಂದ್ವು, ಹಾಗಾಗಿ 3/7 ಅಂದ್ರೆ ಅದೇ ಚಕ್ರವನ್ನ ಶೇಷ 3 ಇರೋ ಕಡೆಯಿಂದ ಶುರು ಮಾಡಿದ್ದು ಅಷ್ಟೇ, ಹೊಸ ಅಂಕೆ ಬರೋಕೆ ದಾರಿನೇ ಇಲ್ಲ. ಆರು ಹೆಜ್ಜೆಗೆ ಶೇಷ ಮತ್ತೆ 1 ಆಯ್ತಲ್ಲ, ಅಂದ್ರೆ 1000000ನ್ನ ಏಳರಿಂದ ಭಾಗಿಸಿದ್ರೆ 1 ಉಳಿಯತ್ತೆ, ಅದಕ್ಕೇ 999999 ಏಳರಿಂದ ಸರಿಯಾಗಿ ಭಾಗ ಆಗೋದು. ಅದನ್ನೇ ಇಟ್ಕೊಂಡು ನಂದು:

ಏಳರಿಂ ಭಾಗಿಸಲು ಶೇಷವಾರೂ ಬೇರೆ
ಮೇಳೈಸಿ ನಿಂತಿಹವು ಒಂದೆ ವರ್ತುಳದೊಳಗೆ
ಆಳು ಯಾರೇ ಮೊದಲು ನಿಲ್ಲಲದೆ ಸುತ್ತಾಟ
ಏಳು ಮುಟ್ಟಿದೊಡಾರು ಮಂದಿಯೂ ಒಬ್ಬನೇ

*

ಆಹಾ, "ಆಳು ಯಾರೇ ಮೊದಲು"! ಕಾರಣವೇ ಕಾವ್ಯ ಆಯ್ತು. ಇದಕ್ಕೇ ನನ್ನ ಓಟು.

ಇನ್ನೊಂದು ಗುಣ ಯಾರೂ ಮುಟ್ಟಿಲ್ಲ, ಇದರ ವರ್ಗ 20408122449, ಅದನ್ನ ಮುರಿದು 20408 ಮತ್ತೆ 122449 ಕೂಡಿಸಿ, ಮತ್ತೆ 142857! ಇಂಥವಕ್ಕೆ ಕಾಪ್ರೇಕರ್ ಸಂಖ್ಯೆ ಅಂತಾರೆ, ಮಹಾರಾಷ್ಟ್ರದ ದೇವಳಾಲಿಯಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದ ದ. ರಾ. ಕಾಪ್ರೇಕರ್ ಅವರ ಹೆಸರಲ್ಲಿ. ಇದೂ ನಾಲ್ಕು ಪಾದಕ್ಕೆ ಒಗ್ಗತ್ತೆ ಅನ್ಸತ್ತೆ.

*

ಹದಿನೇಳಕ್ಕೂ ಹೀಗೇ ಆಗತ್ತಲ್ವಾ? 1/17ರಲ್ಲಿ 0588235294117647, ಹದಿನಾರು ಅಂಕೆ, 17ರಿಂದ ಗುಣಿಸಿದ್ರೆ ಹದಿನಾರೂ ಒಂಬತ್ತು.

*

ಹೌದು, ಆದ್ರೆ ಮುಂದಿರೋ ಸೊನ್ನೆನ ಬಿಡೋ ಹಾಗಿಲ್ಲ, ಅದನ್ನ ತೆಗೆದ್ರೆ ಹದಿನೈದೇ ಅಂಕೆ ಉಳಿದು ಚಕ್ರ ಮುರಿಯತ್ತೆ. ಇಂಥ ಅವಿಭಾಜ್ಯ ಸಂಖ್ಯೆಗಳು 7, 17, 19, 23, 29, 47 ಹೀಗೆ ಸಿಗ್ತಾ ಹೋಗ್ತವೆ, ಕೊನೆ ಇಲ್ಲ ಅನ್ನೋದು ಗಣಿತಜ್ಞ ಎಮಿಲ್ ಆರ್ಟಿನ್ 1927ರಲ್ಲಿ ಮಾಡಿದ ಊಹೆಯ ಒಂದು ಭಾಗ, ಇನ್ನೂ ಯಾರೂ ಸಾಧಿಸಿಲ್ಲ. ಸರಿ, ಮುಂದಿನ ಸಮಸ್ಯೆ ಹದಿನೇಳರ ಮೇಲೇ ಇರಲಿ, ಛಂದಸ್ಸು ಇದೇ, ಪ್ರಾಸ ಮಾತ್ರ ನ್ನ:

ಸೊನ್ನೆಯನು ಬಿಟ್ಟರಾ ಸುತ್ತೆಲ್ಲ ಸುಳ್ಳಾಯ್ತು