ಸಭಾಪಾಲಕರಾಗಿದ್ದ ಅಪ್ಪನ ಸ್ಮರಣೆ ಕೂಟದಲ್ಲಿ ಮಗನಾಗಿ ಏನು ಮಾತಾಡಲಿ?

ಬೆಟಗೇರಿಯವನು:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು 11ಕ್ಕೆ ಅಪ್ಪ ತೀರಿಕೊಂಡರು. 78 ವರ್ಷ. ಅದರಲ್ಲಿ 36 ವರ್ಷ ಸಿ.ಎಸ್.ಐ. (ದಕ್ಷಿಣ ಭಾರತ ಕ್ರೈಸ್ತ ಸಭೆ) ಸಭೆಗಳಲ್ಲಿ ಸಭಾಪಾಲಕರಾಗಿ, ಅಂದರೆ ಪಾದ್ರಿಯಾಗಿ ದುಡಿದಿದ್ದರು, ಜಾಸ್ತಿ ಧಾರವಾಡ, ಗದಗ, ಹಾವೇರಿ ಕಡೆಗೇ. ಬರುವ ಭಾನುವಾರ ಸಂಜೆ ಅವರ ಸ್ಮರಣೆಗೆ ಕೂಟ ಇಟ್ಟುಕೊಂಡಿದ್ದಾರೆ. ಸಭೆಯ ಹಿರಿಯರು ಮನೆಗೆ ಬಂದು, "ಮನೆಯವರ ಪರವಾಗಿ ನೀನು ಹತ್ತು ನಿಮಿಷ ಮಾತಾಡಪ್ಪ" ಅಂದು ಹೋದರು. ಐದು ದಿನದಿಂದ ಪೆನ್ನು ಹಿಡಿದು ಕೂತಿದ್ದೇನೆ. ಒಂದು ಸಾಲೂ ಬಂದಿಲ್ಲ.

ಮನೆಗೆ ಬಂದವರೆಲ್ಲ ಹೇಳುವುದು ಒಂದೇ ಮಾತು, "ದೇವರ ಮನುಷ್ಯ". ನಿಜವೇ. ರಾತ್ರಿ ಎರಡು ಗಂಟೆಗೆ ಯಾರು ಬಾಗಿಲು ಬಡಿದರೂ ಎದ್ದು, ಅಂಗಿ ತೊಟ್ಟು, ಲೂನಾ ತಳ್ಳಿಕೊಂಡು ಹೊರಡುತ್ತಿದ್ದರು. ನಾವು ಎಚ್ಚರಾಗಬಾರದು ಅಂತ ಬೀದಿ ತುದಿಗೆ ಹೋಗುವ ತನಕ ಅದನ್ನು ಚಾಲೂ ಮಾಡುತ್ತಿರಲಿಲ್ಲ. ಆದರೆ ನನಗೆ ಎಚ್ಚರ ಆಗೇ ಆಗುತ್ತಿತ್ತು. ಆ ಲೂನಾ ಸದ್ದು ದೂರ ಹೋಗುವುದನ್ನು ಕೇಳುತ್ತಾ ಮಲಗಿದ್ದೇ ನನ್ನ ಬಾಲ್ಯ ಅನ್ನಿಸುತ್ತದೆ. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಅವರು ಯಾರದೋ ಮಣ್ಣಿಗೆ ಹೋಗಿದ್ದರು. ತಂಗಿಗೆ ಆಪರೇಷನ್ ಆದಾಗ ಅವ್ವನ ಜೊತೆ ಕೂತಿದ್ದವನು ನಾನು, ಅವರು ಅದೇ ಆಸ್ಪತ್ರೆಯ ಇನ್ನೊಂದು ವಾರ್ಡಿನಲ್ಲಿ ಬೇರೆಯವರಿಗೆ ಪ್ರಾರ್ಥನೆ ಮಾಡುತ್ತಿದ್ದರು. ಸಿಟ್ಟು ಅಂತಲ್ಲ. ಆದರೆ ಇದನ್ನು ಬಿಟ್ಟು ಮಾತಾಡಿದರೆ ಅದು ನನ್ನ ಅಪ್ಪನ ಬಗ್ಗೆ ಆಗುವುದಿಲ್ಲ, ಊರಿನ ಅಯ್ಯನವರ ಬಗ್ಗೆ ಆಗುತ್ತದೆ. ಹೇಳಿದರೆ ಸಭೆಯವರಿಗೆ ನೋವಾಗುತ್ತದೆ, ಅವ್ವನಿಗೆ ಇನ್ನೂ ಜಾಸ್ತಿ. ಇಂಥ ಸ್ಥಿತಿಯಲ್ಲಿ ಮಾತಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕುಂದಾಪುರದ ಟೀಚರ್:

ತಮ್ಮಾ, ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ. ಇಂಥ ಕೂಟಗಳಲ್ಲಿ ನಲವತ್ತು ವರ್ಷದಿಂದ ಕೂತು ಬಂದವಳು ನಾನು. ಒಂದು ಮಾತು ಹೇಳುತ್ತೇನೆ. ಎಲ್ಲಿ ಹುಟ್ಟಿದರು, ಯಾವ ವರ್ಷ ದೀಕ್ಷೆ, ಯಾವ ಊರಿಗೆ ಯಾವಾಗ ವರ್ಗ, ಇದನ್ನೆಲ್ಲ ಸಭೆಯ ಕಾರ್ಯದರ್ಶಿ ಹೇಗೂ ಓದುತ್ತಾರೆ. ನೀವು ಅದಕ್ಕೆ ಕೈ ಹಾಕಬೇಡಿ. "ಪ್ರೀತಿಯುಳ್ಳವರು, ಸರಳ ಜೀವಿ, ಪ್ರಾಮಾಣಿಕರು" ಅನ್ನುವ ಮಾತುಗಳೂ ಬೇಡ, ಉಳಿದ ಐದು ಜನ ಅದನ್ನೇ ಹೇಳಿರುತ್ತಾರೆ. ನೀವು ಕಣ್ಣಾರೆ ನೋಡಿದ್ದು, ಬೇರೆ ಯಾರೂ ನೋಡಿರದಂಥದ್ದು, ಒಂದೋ ಎರಡೋ ಸಾಕು. ಹತ್ತು ನಿಮಿಷ ಅಂದರೆ ಬಹಳ ಕಡಿಮೆ.

ಅವರ ಪ್ರಸಂಗದ (ಆರಾಧನೆಯಲ್ಲಿ ಮಾಡುವ ಪ್ರವಚನದ) ಟಿಪ್ಪಣಿಗಳು ಮನೆಯಲ್ಲಿ ಇರಬೇಕಲ್ವಾ? ಸಭಾಪಾಲಕರು ಅವನ್ನು ಅಷ್ಟು ಸುಲಭಕ್ಕೆ ಎಸೆಯುವುದಿಲ್ಲ. ಮೊದಲು ಅವನ್ನು ತೆಗೆದು ನೋಡಿ. ಅವ್ವನ ಹತ್ತಿರವೂ ಕೂತು ಮಾತಾಡಿ. ಅವರಿಗೆ ನೋವಾಗುತ್ತದೆ ಅಂತ ನೀವೇ ಅಂದುಕೊಂಡಿದ್ದೀರಿ, ಅವರನ್ನು ಕೇಳಿದ್ದೀರಾ?

ಬೆಟಗೇರಿಯವನು:

ಟೀಚರ್, ಕೇಳಿಲ್ಲ. ಟ್ರಂಕು ಇದೆ, ಇನ್ನೂ ಬೀಗ ತೆಗೆದಿಲ್ಲ. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, ಅದರ ತುಂಬ ಅವೇ ಇರಬೇಕು.

ಕಣ್ಣಾರೆ ನೋಡಿದ್ದು ಅಂದಿರಿ, ತಕ್ಷಣ ನೆನಪಾಗಿದ್ದು ಸುಗ್ಗಿ ಹಬ್ಬದ ಹರಾಜು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ವರ್ಷಕ್ಕೊಮ್ಮೆ ಸಭೆಯವರು ಬೆಳೆದದ್ದನ್ನು, ಸಾಕಿದ್ದನ್ನು ಕಾಣಿಕೆಯಾಗಿ ತರುತ್ತಾರೆ, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅದನ್ನು ಹರಾಜು ಹಾಕಿ ಬಂದ ಹಣವನ್ನು ಸಭೆಗೆ ಸೇರಿಸುತ್ತಾರೆ. ಹುಂಜ, ಬಾಳೆಗೊನೆ, ಕುಂಬಳಕಾಯಿಗೆ ಪೈಪೋಟಿ ಜೋರು. ಒಬ್ಬ ಮುದುಕಿ ಪ್ರತಿವರ್ಷ ಒಂದು ಸಣ್ಣ ಗಂಟು ಜೋಳ ತರುತ್ತಿದ್ದಳು, ಕೂಲಿಗೆ ಹೋದಲ್ಲಿ ಸಿಕ್ಕಿದ್ದು. ಅದಕ್ಕೆ ಯಾರು ಕೂಗುತ್ತಾರೆ? ಅಪ್ಪ ಹಿಂದೆ ನಿಂತು ಕೂಗುತ್ತಿದ್ದರು, ಎದುರಿಗೆ ಯಾರೂ ಇಲ್ಲದಿದ್ದರೂ ತಾವೇ ಏರಿಸುತ್ತಾ ಹೋಗುತ್ತಿದ್ದರು. ಹತ್ತು, ಹದಿನೈದು, ಇಪ್ಪತ್ತೈದು. ಆ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು. ಆ ವಾರ ನಮ್ಮ ಮನೆಗೆ ಎಣ್ಣೆ ಬರುತ್ತಿರಲಿಲ್ಲ. ಅವ್ವ ಮಾತ್ರ ಆ ಜೋಳದ ರೊಟ್ಟಿ ತಟ್ಟುವಾಗ ಒಂದು ದಿನವೂ ಗೊಣಗಿದ್ದು ನಾನು ಕೇಳಿಲ್ಲ.

ಬಲ್ಮಠದ ಮಗಳು:

ನಾನೂ ಪಾಸ್ಟರ ಮಗಳು. ನಿಮ್ಮ ಲೂನಾ ಸಾಲು ಓದಿ ಎದ್ದು ಹೋಗಿ ನೀರು ಕುಡಿದು ಬಂದೆ. ನಮ್ಮಪ್ಪನದು ಸೈಕಲ್.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಆ ರಿಸಲ್ಟ್ ದಿನದ ಮಾತು ಹೇಳಿ. ಇದು ನಿಮ್ಮೊಬ್ಬರ ಮನೆಯ ಕಥೆ ಅಲ್ಲ, ನಮ್ಮ ಸಭೆಗಳ ಬೇರಿನಲ್ಲೇ ಇದೆ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಅನ್ನುವ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದ ಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕೆಲಸ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ತನಕ ಹಬ್ಬಿತು. ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಎಲ್ಲ ನಮಗೆ ಗೊತ್ತು. ಆದರೆ ಆ ಮಿಷನರಿಗಳ ಮಕ್ಕಳು ಎಲ್ಲಿದ್ದರು? ಓದುವ ವಯಸ್ಸಿಗೆ ಬಂದ ಕೂಡಲೇ ಯುರೋಪಿಗೆ ಕಳಿಸಿಬಿಡುತ್ತಿದ್ದರು. ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್ ಅವರ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ತೀರ ಚಿಕ್ಕವಳಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ಇಲ್ಲಿಯ ಕೆಲಸಕ್ಕೆ ವಾಪಸ್ ಬಂದರು. 1857ರಲ್ಲಿ ಅವಳು ಮತ್ತೆ ಇಲ್ಲಿಗೆ ಬಂದಾಗ ಹದಿನೈದರ ಹುಡುಗಿ. ಹಡಗಿನಿಂದ ಇಳಿದು ಬಂದ ಆ ಹುಡುಗಿಗೆ ಅಪ್ಪನ ಮುಖದ ಗುರುತು ಎಷ್ಟು ಉಳಿದಿತ್ತೋ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಮುಂದೆ ಇವಳ ಮಗನೇ ನೊಬೆಲ್ ಪಡೆದ ಹರ್ಮನ್ ಹೆಸ್.

ನಮ್ಮ ಕಿಟೆಲ್ ಅವರನ್ನೇ ನೋಡಿ. ಅವರೂ ಪಾದ್ರಿಯ ಮಗನೇ. 1860ರಲ್ಲಿ ಪೌಲಿನಾ ಜೊತೆ ಮದುವೆ, 1864ರಲ್ಲಿ ಆಕೆ ಪುಟ್ಟ ಮಕ್ಕಳನ್ನು ಬಿಟ್ಟು ತೀರಿಹೋದರು. ಮೂರು ವರ್ಷದ ಮೇಲೆ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. ಇಷ್ಟರ ನಡುವೆಯೂ ಪದ ಪದ ಕೂಡಿಸುತ್ತಾ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಹೊರಬಂತು. ನಾವು ಆ 70,000 ಲೆಕ್ಕ ಇಟ್ಟಿದ್ದೇವೆ. ಆ ವರ್ಷಗಳಲ್ಲಿ ಮನೆಯಲ್ಲಿ ಅಪ್ಪ ಎಷ್ಟು ಹೊತ್ತು ಸಿಗುತ್ತಿದ್ದರು ಅನ್ನುವ ಲೆಕ್ಕ ಆ ಮಕ್ಕಳ ಹತ್ತಿರ ಮಾತ್ರ ಇತ್ತು. ಅದನ್ನು ಹೇಳುವುದು ದೂರು ಅಲ್ಲ. ಸಭೆಗೆ ಅಪ್ಪನನ್ನು ಕೊಟ್ಟವರಲ್ಲಿ ನಾವೂ ಒಬ್ಬರು, ಅದು ಸಭೆಗೂ ಗೊತ್ತಾಗಬೇಕು. ನಾನು ನಮ್ಮಪ್ಪನ ಕೂಟದಲ್ಲಿ ಹೇಳಲಿಲ್ಲ, ಹೂವಿನಂಥ ಮಾತು ಓದಿ ಕೂತುಬಿಟ್ಟೆ. ಆರು ವರ್ಷ ಆಯಿತು, ಇವತ್ತಿಗೂ ಗಂಟಲಲ್ಲೇ ಇದೆ.

ಹಿರೇಮಠರ ಹುಡುಗ:

ನಾನು ನಿಮ್ಮ ಧರ್ಮದವನಲ್ಲ, ಆದರೂ ಬರೆಯುತ್ತಿದ್ದೇನೆ. ನಮ್ಮದೂ ಅಯ್ಯನವರ ಮನೆಯೇ, ಜಂಗಮರು. ನಮ್ಮಪ್ಪನೂ ಹಾಗೇ, ಹುಟ್ಟಿದ ಮನೆಗೆ ಲಿಂಗ ಕಟ್ಟಲು, ಸತ್ತ ಮನೆಗೆ ಕ್ರಿಯೆ ಮಾಡಲು, ನಡುವೆ ಮದುವೆಗಳು. ದೀಪಾವಳಿ ದಿನ ಅಪ್ಪ ಮನೆಯಲ್ಲಿ ಕೂತು ನಮ್ಮ ಜೊತೆ ಉಂಡದ್ದು ನೆನಪೇ ಇಲ್ಲ, ಲಕ್ಷ್ಮೀಪೂಜೆ ಅಂತ ಅಂಗಡಿ ಅಂಗಡಿ ಸುತ್ತುತ್ತಿದ್ದರು. ಹೊರಗಿನವರಿಗೆ ಇದು ತಿಳಿಯುವುದಿಲ್ಲ.

ಸುಮ್ನೆ ಒಂದು ವಿಷಯ. ಕೂಟಕ್ಕೆ ನಿಮ್ಮ ಓಣಿಯ ಬೇರೆ ಜನವೂ ಬರುತ್ತಾರಲ್ವಾ? ನಮ್ಮಪ್ಪ ಲಿಂಗೈಕ್ಯರಾದಾಗ ನಮ್ಮೂರಿನ ಸಭಾಪಾಲಕರು ಬಂದು, ಯಾರೂ ಕರೆಯದಿದ್ದರೂ, ಮಣ್ಣಾಗುವ ತನಕ ಬಿಸಿಲಿನಲ್ಲಿ ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಹೋಗುವಾಗ ನನ್ನ ಹೆಗಲ ಮೇಲೆ ಕೈ ಇಟ್ಟು "ಉಂಡಿಯೇನು?" ಅಂತ ಕೇಳಿದರು. ಅವತ್ತು ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅದಕ್ಕೇ ಹೇಳುವುದು, ನಮ್ಮಂಥವರೂ ಅಲ್ಲಿ ಹಿಂದೆ ಕೂತಿರುತ್ತೇವೆ, ನಮಗೂ ತಿಳಿಯುವ ಮಾತಿನಲ್ಲಿ ಹೇಳಿ. ಜೋಳದ ಗಂಟಿನ ಮಾತು ಬಿಡಬೇಡಿ.

ಬೆಟಗೇರಿಯವನು:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಅವ್ವನನ್ನು ಕೇಳಿದೆ. ಆಪರೇಷನ್ ದಿನದ ಮಾತು ಹೇಳಲಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳು. ಅವತ್ತು ರಾತ್ರಿ ಮನೆಗೆ ಬಂದು ಬಚ್ಚಲಲ್ಲಿ ನಿಂತು ಅತ್ತಿದ್ದರು, ಅದನ್ನೂ ಹೇಳು" ಅಂದರು. ಇಷ್ಟು ವರ್ಷ ಇದು ನನಗೆ ಗೊತ್ತಿರಲಿಲ್ಲ.

ಆಮೇಲೆ ಇಬ್ಬರೂ ಕೂತು ಟ್ರಂಕು ತೆಗೆದೆವು. ಹಾಳೆಗಳು ಹಳದಿ ಆಗಿವೆ, ಒಂದು ಕಡೆ ತಾರೀಖು, ಇನ್ನೊಂದು ಕಡೆ ಅಪ್ಪನ ಪೆನ್ಸಿಲ್ ಅಕ್ಷರ. ನಾನು ಮರೆತೇಬಿಟ್ಟಿದ್ದ ಒಂದು ಸಂಗತಿ ಆಗ ನೆನಪಾಯಿತು. ಶನಿವಾರ ಸಂಜೆ ಅಪ್ಪ ಅಂಗಳದ ಹೊರಸಿನ ಮೇಲೆ ಕೂತು ಮರುದಿನದ ಪ್ರಸಂಗವನ್ನು ಮೊದಲು ನನಗೆ ಓದಿ ಹೇಳುತ್ತಿದ್ದರು, ನನಗಾಗ ಒಂಬತ್ತೋ ಹತ್ತೋ. ಸಭೆಯಲ್ಲಿ ಯಾರೂ ಕೇಳುವ ಮೊದಲು ನಾನು ಕೇಳುತ್ತಿದ್ದೆ. ಯಾವ ವಾರವೂ ಅದು ತಪ್ಪುತ್ತಿರಲಿಲ್ಲ. ಒಂದು ಹಾಳೆಯಲ್ಲಿ "ಮಧ್ಯಸ್ಥ" ಅಂತ ಬರೆದು ಹೊಡೆದು ಹಾಕಿದ್ದಾರೆ, ಮೇಲೆ "ಇಬ್ಬರ ನಡುವೆ ನಿಂತು ಮಾತಾಡುವವನು" ಅಂತಿದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ತಮ್ಮಗ ತಿಳೀಲಿಲ್ಲ".

ಅಂಥವು ಇಲ್ಲಿಯವರೆಗೆ ಹದಿನೇಳು ಸಿಕ್ಕಿವೆ. ಟ್ರಂಕು ಇನ್ನೂ ಅರ್ಧ ಇದೆ. ಭಾನುವಾರ ಆ ಹಾಳೆಯನ್ನೇ ಹಿಡಿದುಕೊಂಡು ಹೋಗುತ್ತೇನೆ.