ಅಡಿಕೆ ಮರದಿಂದ ಹಾರಿದ್ದು ಯಾವ ಓತಿ?

ಶಿರಸಿ ತೋಟಿಗ: ಅಡಿಕೆ ಮರದ ಮೇಲೆ ಮರದ ಬಣ್ಣದ್ದೇ ಓತಿಯೊಂದು ಗಂಟಲ ಕೆಳಗಿನ ಹಳದಿ ಚೀಲ ಬಿಚ್ಚಿ ಮುಚ್ಚಿ ಮಾಡುತ್ತಿತ್ತು, ಹತ್ತಿರ ಹೋದರೆ ಪಕ್ಕದ ಮರಕ್ಕೆ ತೇಲಿಬಿಟ್ಟಿತು! ವಿಷ ಇದೆಯಾ?

ಘಟ್ಟದ ಹುಡುಗ: ಹಾರುವ ಓತಿ, ವೈಜ್ಞಾನಿಕ ಹೆಸರು ಡ್ರಾಕೊ ಡುಸುಮೇರಿ. ಹಳದಿ ಚೀಲ ಅಂದ್ರೆ ಗಂಡು. ವಿಷಗಿಷ ಏನೂ ಇಲ್ಲ, ಇರುವೆ ತಿಂದುಕೊಂಡಿರುತ್ತದೆ ಪಾಪ. ತೇಲುವಾಗ ಪಕ್ಕದಲ್ಲಿ ಬಿಚ್ಚುವುದು ರೆಕ್ಕೆ ಅಲ್ಲ, ಉದ್ದ ಬೆಳೆದ ಪಕ್ಕೆಲುಬುಗಳ ಮೇಲಿನ ಚರ್ಮ. ಬಡಿಯಲು ಆಗುವುದಿಲ್ಲ, ಮೇಲಿಂದ ಕೆಳಕ್ಕೆ ತೇಲುವುದಷ್ಟೇ.

ಕಾರವಾರ ಕಡಲು: ಈ ಡ್ರಾಕೊ ಕುಲದಲ್ಲಿ ಸುಮಾರು 40 ಪ್ರಭೇದಗಳಿವೆ. ಜಾಸ್ತಿ ಇರುವುದು ಮಲೇಷ್ಯಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಕಡೆ. ನಮ್ಮ ಘಟ್ಟಕ್ಕೆ ಇದೊಂದೇ.

ಶಿರಸಿ ತೋಟಿಗ: ನೆಲಕ್ಕೆ ಇಳಿಯುವುದೇ ಇಲ್ವಾ?

ಘಟ್ಟದ ಹುಡುಗ: ಹೆಣ್ಣು ಇಳಿಯುತ್ತದೆ, ಮಣ್ಣು ಕೆದಕಿ ಮೊಟ್ಟೆ ಇಡಲು. ಮರದ ಬುಡದ ಮಣ್ಣು ಬಿಡಿಸುವಾಗ ಸ್ವಲ್ಪ ನೋಡಿಕೊಳ್ಳಿ.